ಅದು ಕಣ್ಣೀರ ಹನಿಯಲ್ಲ

ಪ್ರಿಯರೇ,

‘ವೀರರಾಜನ ಕೋವಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಹಾಕಲಾರೆ. ಕಾರಣ ನಿಮ್ಮ ಭಾಷೆಯಲ್ಲ, ನೀವು ಕೋವಿಯನ್ನು ಓದಿದ ರೀತಿ.

ನಿಮ್ಮ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಗೋಡೆಯಲ್ಲಿರುವ ಒಂಟಿ ನಳಿಗೆಯ ಕೋವಿಯನ್ನು ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ನಿಮ್ಮ ಹಿರಿಯರಿಗೆ ಕೊಟ್ಟನೆಂದು ಬರೆದಿದ್ದೀರಿ. ಅದರ ಬಲಮಗ್ಗುಲಲ್ಲಿ ಕಿರೀಟದ ಕೆಳಗೆ ಇಂಗ್ಲಿಷಿನಲ್ಲಿ ಕೊರೆದ ‘ವಿ.ಆರ್.’ ಎಂಬ ಎರಡಕ್ಷರವೇ ನಿಮಗೆ ಸಾಕ್ಷಿ, ಅದನ್ನು ‘ವೀರರಾಜ’ ಎಂದು ಓದಿದ್ದೀರಿ. ಅದರ ಕೆಳಗೆ ‘ಎನ್‌ಫೀಲ್ಡ್’, ‘1878’ ಎಂದೂ ಇದೆಯೆಂದು ಮೂರನೆಯ ಪ್ಯಾರಾದಲ್ಲಿ ನೀವೇ ಹೇಳಿ, ಏನೂ ಆಗಿಲ್ಲವೆಂಬಂತೆ ಮುಂದೆ ಹೋಗಿದ್ದೀರಿ! ಬ್ರಿಟಿಷರು ಆ ಅರಸನನ್ನು ಪಟ್ಟದಿಂದ ಇಳಿಸಿದ್ದು 1834ರಲ್ಲಿ. ನಲವತ್ತನಾಲ್ಕು ವರ್ಷ ಮುಂದಿನ ಕೋವಿಯನ್ನು ಅವನು ಎಲ್ಲಿಂದ ತಂದು ಕೊಟ್ಟಾನು? ‘ವಿ.ಆರ್.’ ಎಂದರೆ ವಿಕ್ಟೋರಿಯಾ ರೆಜಿನಾ, ವಿಕ್ಟೋರಿಯಾ ರಾಣಿ. ಎನ್‌ಫೀಲ್ಡ್ ಎಂಬುದು ಲಂಡನ್ನಿನ ಉತ್ತರಕ್ಕಿದ್ದ ಸರ್ಕಾರಿ ಕೋವಿ ಕಾರ್ಖಾನೆ.

ಕೋವಿಯನ್ನು ಮಾಡಿದವನೆಂದು ನೀವು ಹೇಳುವ ‘ಮಾರ್ಟಿನಿ ಹೆನ್ರಿ ಎಂಬ ಆಂಗ್ಲ ಕಮ್ಮಾರ’ನನ್ನೂ ಬಿಡಿ. ಮಾರ್ಟಿನಿ-ಹೆನ್ರಿ ಎಂಬುದು ಈ ಕೋವಿಯ ಹೆಸರು, ಅದರಲ್ಲಿರುವುದು ಇಬ್ಬರ ಹೆಸರು. ಹಿಡಿಯ ಕೆಳಗಿನ ಸನ್ನೆಯನ್ನು ಒತ್ತಿದರೆ ಒಳಗಿನ ಅಡ್ಡಗಟ್ಟೆ ಕುಸಿದು, ಸುಟ್ಟ ತೋಟಾ ಹೊರಬಂದು, ಹೊಸದಕ್ಕೆ ಜಾಗವಾಗುತ್ತದಲ್ಲ, ಆ ಏರ್ಪಾಡನ್ನು ಬಾಸ್ಟನ್ನಿನ ಹೆನ್ರಿ ಪೀಬಡಿ 1862ರಲ್ಲಿ ಪೇಟೆಂಟ್ ಮಾಡಿಸಿದ್ದ. ಅವನ ಕೋವಿಗೆ ಹೊರಗೆ ಕುದುರೆ, ಅಂದರೆ ತೋಟಾ ಸಿಡಿಸಲು ಬಡಿಯುವ ಸುತ್ತಿಗೆ, ಇತ್ತು. ಸ್ವಿಟ್ಜರ್ಲೆಂಡಿನ ಫ್ರೆಡ್ರಿಕ್ ಫಾನ್ ಮಾರ್ಟಿನಿ ಅದನ್ನು ತೆಗೆದು, ಹೊಡೆಯುವ ಕಡ್ಡಿಯನ್ನು ಒಳಗೇ ಅಡಗಿಸಿದ. ಒಳಗೆ ಏಳು ಗೀರು ಕೊರೆದ ನಳಿಗೆ ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯದು. ಬ್ರಿಟಿಷ್ ಸೇನೆ ಇದನ್ನು ಒಪ್ಪಿಕೊಂಡದ್ದು 1871ರಲ್ಲಿ. ಎರಡು ಗೀಟನ್ನು ನೋಡಿ ‘ಅರಸ ಕೊಟ್ಟ ಎರಡನೆಯ ಕೋವಿ’ ಎಂದಿದ್ದೀರಿ. ಅದು ಮಾದರಿಯ ಸಂಖ್ಯೆ, ಮಾರ್ಕ್ ಎರಡು.

ಇನ್ನು, ಬಲಬದಿಯ ಪುಟ್ಟ ಲೋಹದ ಹನಿಯನ್ನು ‘ರಾಜ್ಯ ಕಳೆದುಕೊಂಡವನ ಕಣ್ಣೀರು’ ಎಂದು ಕರೆದು ಅರ್ಧ ಪುಟ ಬರೆದಿದ್ದೀರಿ. ಓದುವಾಗ ನಾನೂ ಒಂದು ಕ್ಷಣ ಕರಗಿದೆ. ಆದರೆ ಕುದುರೆ ಕಣ್ಣಿಗೆ ಬೀಳದ ಕೋವಿ ಹೊಡೆಯಲು ಸಿದ್ಧವಾಗಿದೆಯೋ ಇಲ್ಲವೋ ಎಂದು ಸಿಪಾಯಿಗೆ ತೋರಿಸುವ ಸೂಚಕ ಅದು. ಅರ್ಧ ಪುಟವೂ ಹೋಗಬೇಕು.

ಅಕ್ಷರ ಕಾಣಲೆಂದು ಮರಳುಕಾಗದ ಉಜ್ಜಿದ್ದೀರಂತೆ. ದಯವಿಟ್ಟು ನಿಲ್ಲಿಸಿ. ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಸೀಮೆಸುಣ್ಣದ ಪುಡಿ ಸವರಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಸಾಕು. ಆಮೇಲೆ ಇಂಗ್ಲಿಷ್ ‘ಎನ್’ ಅಕ್ಷರ ನೆಟ್ಟಗಿದೆಯೇ ನೋಡಿ. ಪೇಶಾವರದ ಹತ್ತಿರದ ದರ್ರಾ ಆದಂಖೇಲ್‌ನಂಥ ಕಡೆಯ ಪಠಾಣ ಕುಶಲಕರ್ಮಿಗಳು ಇದೇ ಕೋವಿಯನ್ನು ಕಿರೀಟದ ಸಮೇತ ನಕಲು ಮಾಡುತ್ತಿದ್ದರು. ಇಂಗ್ಲಿಷ್ ಬಾರದ ಕೈಗಳು, ‘ಎನ್’ ತಿರುಗುಮುರುಗಾಗುತ್ತಿತ್ತು. 1901ರಲ್ಲಿ ತೀರಿಕೊಂಡ ರಾಣಿಯ ಹೆಸರಿನ ಕೆಳಗೆ ಅನಂತರದ ಇಸವಿಯೂ ಬೀಳುತ್ತಿತ್ತು. ನಿಮ್ಮ ಫೋಟೋದಲ್ಲಿ ‘ಎನ್’ ನೆಟ್ಟಗೇ ಇರುವಂತೆ ಕಾಣುತ್ತದೆ, ಆದರೆ ಮಸುಕು. ಒಂದಕ್ಕೊಂದು ಮೂತಿ ತಾಗಿಸಿದ ಎರಡು ಬಾಣದ ಗುರುತು ಎಲ್ಲಾದರೂ ಇದೆಯೇ? ಇದ್ದರೆ ಸೇನೆ ಅದನ್ನು ಮಾರಿ ಕೈತೊಳೆದುಕೊಂಡಿತೆಂದು ಅರ್ಥ. ಮನೆಗೆ ಬಂದ ದಾರಿಯ ಮೊದಲ ಸುಳಿವು ಅಲ್ಲಿ ಸಿಗಬಹುದು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಹುದೆಂಬ ಹಳೆಯ ವಿನಾಯಿತಿ ಪತ್ರವೇನಾದರೂ ಪೆಟ್ಟಿಗೆಯಲ್ಲಿದ್ದರೆ ಕೋವಿಯ ಸಂಖ್ಯೆಯೊಂದಿಗೆ ಹೋಲಿಸಿ.

ಹಾಗಾದರೆ ಲೇಖನದಲ್ಲಿ ಏನು ಉಳಿಯಿತು ಎಂದು ಮುನಿಸಿಕೊಳ್ಳಬೇಡಿ. ನೀವು ಕಾಣದೆ ಬಿಟ್ಟ ಕಥೆ ಉಳಿದಿದೆ. ಅರಸನನ್ನು ಇಳಿಸಿದವರೇ 1861ರಲ್ಲಿ ಕೊಡವರಿಗೆ ಕೋವಿಯ ವಿನಾಯಿತಿ ಕೊಟ್ಟರು. ಅವರ ರಾಣಿಯ ಹೆಸರು ಹೊತ್ತ ಕೋವಿ ನಿಮ್ಮ ಮನೆ ಸೇರಿತು. ಮನೆಯವರು ಆ ಎರಡಕ್ಷರದಲ್ಲಿ ಕಳೆದುಹೋದ ಅರಸನನ್ನೇ ಓದಿಕೊಂಡರು. ‘ವಿ.ಆರ್.’ ವೀರರಾಜ ಆದದ್ದು ಯಾರ ಬಾಯಲ್ಲಿ, ಯಾವಾಗ? ಅಜ್ಜಿಯನ್ನು ಕೇಳಿ. ಉತ್ತರ ಬಾರದಿದ್ದರೆ ಕೇಳಿದ್ದನ್ನೇ ಬರೆಯಿರಿ.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಅಜ್ಜಿ ನಡುಗುವ ಕೈಯಲ್ಲಿ ಕೋವಿಯ ಮೂತಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸುವ ಆ ಏಳು ಸಾಲುಗಳನ್ನು ಮಾತ್ರ ಮುಟ್ಟಬೇಡಿ. ಜುಲೈ ಕೊನೆಯೊಳಗೆ ತಿದ್ದಿ ಕಳುಹಿಸಿದರೆ ಸೆಪ್ಟೆಂಬರ್ ಸಂಚಿಕೆಗೆ ನೋಡುತ್ತೇನೆ. ಫೋಟೋದಲ್ಲಿ ಕೋವಿಯ ಸಂಖ್ಯೆ ಕಾಣದಿರಲಿ.

ಇಂತು,
ಸಂಪಾದಕ