‘ಆದರೆ’ಯ ಬಾಲಕ್ಕೆ ಕಟ್ಟಿದ ಅಲ್ಪವಿರಾಮ

ನಮಸ್ಕಾರ.

ಮಲ್ಪೆಯ ಮಳೆಗಾಲದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲಾರೆ. ವಿಷಯದಲ್ಲಿ ಹುಳುಕಿಲ್ಲ. ನಾಲ್ಕು ಪುಟದೊಳಗೆ 31 ಕಡೆ ‘ಆದರೆ’, ‘ಆದ್ದರಿಂದ’, ‘ಅಲ್ಲದೆ’, ‘ಹೀಗಾಗಿ’ ಬಂದಿವೆ, ಬಹುಪಾಲು ಕಡೆ ಅವುಗಳ ಬೆನ್ನಿಗೇ ಒಂದು ಅಲ್ಪವಿರಾಮ. ಹೆಜ್ಜೆಗೊಂದು ಹಂಪು ಹಾರುವ ಸಿಟಿ ಬಸ್ಸಿನಲ್ಲಿ ಕೂತಂತಾಯಿತು.

ನಿಮ್ಮದೇ ಸಾಲು: ‘ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆದರೆ, ನಾಡದೋಣಿಗಳಿಗೆ ಇಲ್ಲ.’ ಗಟ್ಟಿಯಾಗಿ ಓದಿ ನೋಡಿ. ‘ಆದರೆ’ ಎಂದು ಹೇಳಿ ಯಾರೂ ಉಸಿರು ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಅದಕ್ಕೆ ಮೊದಲು. ಇಂಗ್ಲಿಷಿನ ‘ಹೌಎವರ್’ ವಾಕ್ಯದ ತಲೆಯಲ್ಲಿ ಕೂತರೆ ಅಲ್ಪವಿರಾಮ ಕೇಳುತ್ತದೆ. ನಮ್ಮದು ಕೇಳುವುದಿಲ್ಲ.

ತಮಾಷೆಯೆಂದರೆ, ನಿಜವಾಗಿ ಬೇಕಿದ್ದಲ್ಲಿ ನೀವು ಹಾಕಿಲ್ಲ. ‘ಗಾಳಿ ಜೋರು ಆದರೆ ನಾಡದೋಣಿ ಇಳಿಯುತ್ತದೆ.’ ಇದನ್ನು ಓದಿದ ಕಡಲ ಮೀನುಗಾರರಾದ ಮೊಗವೀರರು ನಕ್ಕಾರು. ಗಾಳಿ ಜೋರಾದಾಗಲೇ ದೋಣಿ ಇಳಿಸುತ್ತಾರೆ ಎಂದಾಯಿತಲ್ಲ! ‘ಗಾಳಿ ಜೋರು, ಆದರೆ ನಾಡದೋಣಿ ಇಳಿಯುತ್ತದೆ’ ಎಂದರೆ ಸರಿ. ಕನ್ನಡದ ‘ಆದರೆ’ಗೆ ಎರಡು ಮುಖ: ಒಂದು ಷರತ್ತು, ಇನ್ನೊಂದು ತಿರುವು. ಯಾವುದೆಂದು ತೋರಿಸುವುದು ಆ ಹಿಂದಿನ ಚಿಹ್ನೆ.

‘ಅಲ್ಲದೆ’ಯ ಬೆನ್ನಿಗೂ ಅಲ್ಪವಿರಾಮ ಬೇಡ. ‘ಬಂಗುಡೆ ಅಲ್ಲದೆ ಬೂತಾಯಿಯೂ ಸಿಕ್ಕಿತು’ ಎಂಬಲ್ಲಿ ನಡುವೆ ಏನೂ ಬೇಡ.

ಹೆಚ್ಚಿನ ಕಡೆ ಆ ಪದವೇ ಬೇಡ, ನಮ್ಮ ಕ್ರಿಯಾಪದ ಆ ಕೆಲಸ ಮಾಡುತ್ತದೆ. ‘ಮಳೆ ಬಿಡಲಿಲ್ಲ. ಆದ್ದರಿಂದ, ಬಲೆ ಒಣಗಲಿಲ್ಲ’ ಎಂದಿದ್ದೀರಿ. ‘ಮಳೆ ಬಿಡದೆ ಬಲೆ ಒಣಗಲಿಲ್ಲ’ ಸಾಲದೇ? ‘ಮಳೆ ಬಂತು. ಆದರೂ, ಹೋದರು’ ಎಂಬುದು ‘ಮಳೆ ಬಂದರೂ ಹೋದರು’ ಆಗಲಿ.

ಪೂರ್ತಿ ಕಿತ್ತೆಸೆಯಿರಿ ಎನ್ನುತ್ತಿಲ್ಲ. ‘ಉದಾಹರಣೆಗೆ’ಯ ನಂತರ ಪಟ್ಟಿ ಬರುವುದಿದ್ದರೆ ಅಲ್ಪವಿರಾಮ ಇರಲಿ. ‘ಹಾಗೆ ನೋಡಿದರೆ’ಯ ನಂತರ ನಾನೂ ಕೆಲವೊಮ್ಮೆ ಹಾಕುತ್ತೇನೆ, ಅದು ಕಿವಿಯ ತೀರ್ಮಾನ.

ಕಚೇರಿ ಪತ್ರಗಳಲ್ಲಿ ಹೀಗೇ ಬರೆದು ರೂಢಿ ಎಂದಿದ್ದೀರಿ. ಅಲ್ಲಿ ‘ಆದುದರಿಂದ, ತಮ್ಮಲ್ಲಿ ವಿನಂತಿಸುವುದೇನೆಂದರೆ,’ ಎಂಬ ಬಾಲಂಗೋಚಿ ಓದುವ ಅಧಿಕಾರಿಗೂ ಹಿಂಸೆಯೇ, ಬಿಡಿ.

ಬಲೆ ಹೆಣೆಯುವ ಅಜ್ಜನ ಭಾಗಕ್ಕೆ ಮಾತ್ರ ಕೈ ಹಚ್ಚಬೇಡಿ. ಅಲ್ಲಿ ಇಂಥ ಒಂದು ಪದವೂ ಇಲ್ಲ, ನೀವೇ ಗಮನಿಸಿದಂತಿಲ್ಲ. ಉಳಿದದ್ದನ್ನು ತಿದ್ದಿ ಜುಲೈ ಮೂರನೇ ವಾರದೊಳಗೆ ಕಳಿಸಿ, ದೋಣಿಗಳು ಮತ್ತೆ ಕಡಲಿಗಿಳಿಯುವ ವಾರಕ್ಕೆ ಹಾಕೋಣ.