ರಕ್ಷಣಾ ದೋಣಿ: ಇಳಿಸುವುದಕ್ಕಿಂತ ಮೇಲೆತ್ತುವಾಗ ಹೆಚ್ಚು ಎಚ್ಚರ ಬೇಕು

ಮಾನ್ಯರೇ, ಹಡಗು ಪೂರ್ತಿ ನಿಂತ ಮೇಲೆ ರಕ್ಷಣಾ ದೋಣಿಯನ್ನು (ನೀರಿಗೆ ಬಿದ್ದವರನ್ನು ಎತ್ತಿ ತರುವ ಚಿಕ್ಕ ದೋಣಿ) ಇಳಿಸುವುದೇ ಸುರಕ್ಷಿತವಲ್ಲವೇ ಎಂದು ಕೇಳಿದ್ದೀರಿ. ತೆರೆದ ಕಡಲಿನಲ್ಲಿ ಹಾಗಲ್ಲ. ನಿಂತ ಹಡಗು ಅಲೆಗಳಿಗೆ ಅಡ್ಡವಾಗಿ ಹೊರಳಾಡತೊಡಗುತ್ತದೆ, ಡೇವಿಟ್‌ನಿಂದ, ಅಂದರೆ ದೋಣಿಯನ್ನು ಇಳಿಸಿ ಎತ್ತುವ ಕ್ರೇನ್‌ನಂಥ ತೋಳಿನಿಂದ, ತೂಗುತ್ತಿರುವ ದೋಣಿ ಹಡಗಿನ ಪಕ್ಕೆಗೆ ಬಡಿಯುತ್ತದೆ. ಆದ್ದರಿಂದ ಕ್ಯಾಪ್ಟನ್ ದೋಣಿಯಿರುವ ಬದಿಗೆ ಗಾಳಿಯ ಮರೆ ಸಿಗುವಂತೆ ಹಡಗನ್ನು ತಿರುಗಿಸಿ, ನಿಧಾನವಾಗಿ ಮುಂದಕ್ಕೆ ಸಾಗಿಸುತ್ತಿರುತ್ತಾರೆ. ಶಾಂತ ನೀರಿನಲ್ಲಿ 5 ನಾಟ್ (ಗಂಟೆಗೆ ಸುಮಾರು 9 ಕಿ.ಮೀ.) ವೇಗದವರೆಗೆ ಚಲಿಸುತ್ತಿರುವ ಹಡಗಿನಿಂದಲೂ ಈ ದೋಣಿಯನ್ನು ಇಳಿಸಲು ಸಾಧ್ಯವಾಗಬೇಕೆಂದು ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ನಿಯಮವೇ ವಿಧಿಸುತ್ತದೆ.

ಚಲಿಸುವ ಹಡಗಿನ ಪಕ್ಕದಲ್ಲಿ ದೋಣಿಯನ್ನು ಅಂಕೆಯಲ್ಲಿಡುವುದು ಪೇಂಟರ್, ಅಂದರೆ ದೋಣಿಯ ಮೂತಿಯಿಂದ ಹಡಗಿನಲ್ಲಿ ಸಾಕಷ್ಟು ಮುಂದಕ್ಕೆ ಕಟ್ಟಿದ ಹಗ್ಗ. ಎಂಜಿನ್ ಚಾಲೂ ಆಗಿದೆಯೆಂದು ಖಚಿತಪಡಿಸಿಕೊಂಡು, ದೋಣಿ ಅಲೆಯ ನೆತ್ತಿಯ ಮೇಲೆ ತೇಲಿ, ಅದನ್ನು ತೂಗಿಹಿಡಿದ ತಂತಿಹಗ್ಗ ಸಡಿಲವಾದಾಗ ಹುಕ್ ಕಳಚಬೇಕು. ಆಗಲೂ ಪೇಂಟರ್ ದೋಣಿಯನ್ನು ಎಳೆದುಕೊಂಡು ಹೋಗುತ್ತಿರುವುದರಿಂದ, ಚುಕ್ಕಾಣಿಯನ್ನು ತುಸು ಹೊರಕ್ಕೆ ತಿರುಗಿಸಿದರೆ ಹರಿವ ನೀರೇ ದೋಣಿಯನ್ನು ಹಡಗಿನಿಂದ ದೂರ ಸರಿಸುತ್ತದೆ. ಪೇಂಟರ್ ಬಿಡುವುದು ಎಲ್ಲಕ್ಕಿಂತ ಕೊನೆಗೆ. ಹಿಂತಿರುಗಿ ಬಂದಾಗ ಮೊದಲು ಹಿಡಿಯಬೇಕಾದದ್ದೂ ಅದನ್ನೇ.

ಮೇಲೆತ್ತುವಾಗ ತೂಗಾಡುವ ಭಾರವಾದ ಹುಕ್ ತಲೆಯ ಮಟ್ಟದಲ್ಲೇ ಬರುತ್ತದೆ, ಹೆಲ್ಮೆಟ್ ಇಲ್ಲದೆ ಯಾರೂ ಅದರ ಹತ್ತಿರ ಹೋಗಬಾರದು. ಹುಕ್ ಸಿಕ್ಕಿಸಿದ ಕೂಡಲೇ ವಿಂಚ್ (ತಂತಿಹಗ್ಗವನ್ನು ಸುತ್ತಿಕೊಳ್ಳುವ ಯಂತ್ರ) ನಡೆಸುವವರು ಸಡಿಲನ್ನು ಎಳೆದುಕೊಳ್ಳದಿದ್ದರೆ, ಅಲೆ ಕೆಳಗೆ ಜಾರಿದಾಗ ದೋಣಿಯ ಇಡೀ ಭಾರ ಒಮ್ಮೆಲೇ ತಂತಿಹಗ್ಗದ ಮೇಲೆ ಬೀಳುತ್ತದೆ.

ಬಂದರಿನ ನಿಶ್ಚಲ ನೀರಿನಲ್ಲಾದರೆ ಭಯವಿಲ್ಲವೆಂದೂ ತಿಳಿಯಬೇಡಿ. 2011ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ರಾಯಲ್ ಪೋರ್ಟ್‌ಬರಿ ಡಾಕ್‌ನಲ್ಲಿ, ಕಾರುಗಳನ್ನು ಸಾಗಿಸುವ ‘ಟೊಂಬಾರಾ’ ಹಡಗಿನ ರಕ್ಷಣಾ ದೋಣಿಯನ್ನು ಅಭ್ಯಾಸ ಮುಗಿಸಿ ಮೇಲೆತ್ತುತ್ತಿದ್ದಾಗ, ಡೇವಿಟ್ ತನ್ನ ಕೊನೆಯ ಸ್ಥಾನ ತಲುಪುವ ಮುನ್ನ ವಿಂಚ್ ನಿಲ್ಲಿಸಬೇಕಾಗಿದ್ದ ಸ್ವಿಚ್ ಕೆಲಸ ಮಾಡಲಿಲ್ಲ. ವಿಂಚ್ ಎಳೆಯುತ್ತಲೇ ಹೋಯಿತು, ತಂತಿಹಗ್ಗ ತುಂಡಾಯಿತು, ದೋಣಿಯಲ್ಲಿದ್ದ ನಾಲ್ವರಲ್ಲಿ ಒಬ್ಬರು ಸತ್ತರು. ತನಿಖೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು: ತೇಲಲೆಂದು ತುಂಬಿದ್ದ ಫೋಮ್ ನೀರು ಹೀರಿ, ದೋಣಿ ತನ್ನ ನಿಗದಿತ ತೂಕಕ್ಕಿಂತ ಬಹಳ ಭಾರವಾಗಿತ್ತು.

ಹಾಗಾಗಿ ನಿಮ್ಮ ಹಡಗಿನಲ್ಲಿ ಅಭ್ಯಾಸಕ್ಕೆ ಮೊದಲೇ, ದೋಣಿಯಲ್ಲಿ ಯಾರೂ ಇಲ್ಲದಿರುವಾಗ, ಆ ಸ್ವಿಚ್ ವಿಂಚನ್ನು ನಿಜವಾಗಿಯೂ ನಿಲ್ಲಿಸುತ್ತದೆಯೇ ಎಂದು ಪರೀಕ್ಷಿಸಲು ಮುಖ್ಯ ಅಧಿಕಾರಿಯವರನ್ನು ಕೇಳಿಕೊಳ್ಳಿ. ಸ್ವಿಚ್ ಸರಿಯಿದ್ದರೂ ಮೋಟಾರನ್ನು ಸ್ವಲ್ಪ ಮುಂಚೆಯೇ ನಿಲ್ಲಿಸಿ, ಉಳಿದಷ್ಟನ್ನು ಕೈಹಿಡಿಕೆಯಿಂದ ತಿರುಗಿಸಿ ಒಳಗೆ ತೆಗೆದುಕೊಳ್ಳುವುದು ಒಳ್ಳೆಯದು. ಆದರೆ ಕೈಹಿಡಿಕೆ ಸಿಕ್ಕಿಸಿರುವಾಗ ಮೋಟಾರಿನ ವಿದ್ಯುತ್ ಕಡಿತವಾಗಿರಲೇಬೇಕು.