ಕಾರ್ಡ್ ಸತ್ತಿಲ್ಲ, ವಿಷಲ್ ಕೇಳಿಸುತ್ತಿಲ್ಲ

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಿನಕ್ಸ್ ಹಾಕಿದ ಡೆಸ್ಕ್‌ಟಾಪ್, ಅದರಲ್ಲಿ ರೇಡಿಯಾನ್ ಕಾರ್ಡ್. ಕರೆಂಟ್ ಹೋದರೆ ಯುಪಿಎಸ್ ಹೆಚ್ಚು ಹೊತ್ತು ತಡೆಯುವುದಿಲ್ಲ, ಅದಕ್ಕೇ ಸಸ್ಪೆಂಡ್ ಮಾಡಿಡುತ್ತೇನೆ. ಇತ್ತೀಚೆಗೆ ಎಬ್ಬಿಸಿದ ಮೇಲೆ ಮೌಸ್ ಬಾಣ ಸಲೀಸಾಗಿ ಓಡಾಡುತ್ತದೆ, ಹಾಡೂ ಕೇಳಿಸುತ್ತದೆ, ಆದರೆ ಪರದೆಯ ಮಿಕ್ಕಿದ್ದೆಲ್ಲ ಹತ್ತು ಸೆಕೆಂಡಿಗೊಮ್ಮೆ ಅಲ್ಲಾಡುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ರಿಪೇರಿಯವರು ‘ಕಾರ್ಡ್ ಹೋಗಿದೆ, ಹೊಸದು ಹಾಕಿಸಿ’ ಎಂದರು. ಕರ್ನಲ್ ಲಾಗ್‌ನಲ್ಲಿ ‘ಫೆನ್ಸ್ ಫಾಲ್‌ಬ್ಯಾಕ್ ಟೈಮರ್ ಎಕ್ಸ್‌ಪೈರ್ಡ್ ಆನ್ ರಿಂಗ್ ಜಿಎಫ್‌ಎಕ್ಸ್’ ಎಂದು ಸಾಲುಗಟ್ಟಲೆ ಬಂದಿದೆ. ನಡುನಡುವೆ ‘ಫ್ಲಿಪ್ ಡನ್ ಟೈಮ್ಡ್ ಔಟ್’. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಕಾರ್ಡಿಗೆ ದುಡ್ಡು ಸುರಿಯಬೇಡಿ ಸ್ವಾಮಿ. ನೀವು ಕಳಿಸಿದ ಮೊದಲ ಸಾಲೇ ಕಾರ್ಡಿನ ಪರವಾಗಿ ಸಾಕ್ಷಿ ಹೇಳುತ್ತಿದೆ.

ಸಿಪಿಯು ಕಾರ್ಡಿಗೆ ಚಿತ್ರ ಬಿಡಿಸುವ ಕೆಲಸ ಒಪ್ಪಿಸುವಾಗ ಕೊನೆಗೆ ಫೆನ್ಸ್ ಎಂಬ ಗುರುತೊಂದನ್ನು ಇಡುತ್ತದೆ. ಕೆಲಸ ಮುಗಿದ ಮೇಲೆ ಕಾರ್ಡ್ ಮೆಮರಿಯಲ್ಲಿ ಒಂದು ಸಂಖ್ಯೆ ಬರೆದು, ‘ಆಯ್ತು’ ಎಂದು ಸಿಪಿಯುವನ್ನು ಕರೆಯುವ ಸಂಕೇತ, ಅಂದರೆ ಇಂಟರಪ್ಟ್, ಕಳಿಸಬೇಕು. ಆ ಇಂಟರಪ್ಟ್ ತಪ್ಪಿಹೋದರೆ ಎಂಬ ಅನುಮಾನಕ್ಕೆ ರೇಡಿಯಾನ್ ಕಾರ್ಡನ್ನು ನಡೆಸುವ ಎಎಮ್‌ಡಿಜಿಪಿಯು ಡ್ರೈವರ್ ಬರೆದವರು ಅರ್ಧ ಸೆಕೆಂಡಿನ ಟೈಮರ್ ಒಂದನ್ನು ಇಟ್ಟಿದ್ದಾರೆ. ಅನ್ನ ಬೆಂದಿದೆ, ಕುಕ್ಕರ್ ವಿಷಲ್ ಮಾತ್ರ ಕೇಳಿಸಿಲ್ಲ. ಯಾರೋ ಆಗಾಗ ಎದ್ದು ಹೋಗಿ ನೋಡಿ ಬರುತ್ತಿದ್ದಾರೆ. ಟೈಮರ್ ನೋಡಿದಾಗ ಕೆಲಸ ಮುಗಿದಿದ್ದು, ಸುದ್ದಿ ಬರದೇ ಇದ್ದರಷ್ಟೇ ಈ ಸಾಲು ಲಾಗ್‌ಗೆ ಬೀಳುತ್ತದೆ. ಕಾರ್ಡೇ ಕೈಕೊಟ್ಟಿದ್ದರೆ ಈ ಸಾಲು ಬರುವುದೇ ಇಲ್ಲ, ರಿಂಗ್ ಟೈಮ್‌ಔಟ್ ಎಂಬ ಬೇರೆಯದೇ ದೂರು ಬರುತ್ತದೆ.

ಹತ್ತು ಸೆಕೆಂಡಿನ ಲೆಕ್ಕ ಎರಡನೇ ಸಾಲಿನಲ್ಲಿದೆ. ಹೊಸ ಫ್ರೇಮ್ ಪರದೆಗೆ ಬಂದಿತೆಂದು ತಿಳಿಸುವುದೂ ಇಂಟರಪ್ಟೇ. ಅದಕ್ಕೆ ಅರ್ಧ ಸೆಕೆಂಡಿನ ಆಸರೆ ಇಲ್ಲ. ಕರ್ನಲ್ 10 ಸೆಕೆಂಡ್ ಕಾದು, ಗೊಣಗಿ, ಮುಂದಕ್ಕೆ ಹೋಗುತ್ತದೆ. ಮೌಸ್ ಬಾಣ ಬೇರೆಯದೇ ಪದರದಲ್ಲಿರುವುದರಿಂದ ಈ ಸರದಿಗೆ ಸಿಕ್ಕಿಕೊಂಡಿಲ್ಲ.

ಹಾಗಾದರೆ ಇಂಟರಪ್ಟ್ ಎಲ್ಲಿ ಕಳೆದುಹೋಯಿತು? ಇಂಥ ಡ್ರೈವರ್‌ಗಳ ಜೊತೆ ವರ್ಷಗಟ್ಟಲೆ ಗುದ್ದಾಡಿದವನಾಗಿ ಹೇಳುತ್ತೇನೆ, ಮೊದಲು ಎಣಿಸಿ. ಪ್ರಾಕ್ ಡೈರೆಕ್ಟರಿಯಲ್ಲಿ ಇಂಟರಪ್ಟ್ಸ್ ಎಂಬ ಫೈಲ್ ಇದೆ. ಎಎಮ್‌ಡಿಜಿಪಿಯು ಎಂದು ಕೊನೆಯಾಗುವ ಸಾಲಿನಲ್ಲಿ ಒಂದೊಂದು ಸಿಪಿಯುಗೆ ಎಷ್ಟೆಷ್ಟು ಇಂಟರಪ್ಟ್ ಬಂದಿವೆ ಎಂಬ ಅಂಕಿ ಸಿಗುತ್ತದೆ. ಮಲಗಿಸುವ ಮುನ್ನ ಒಮ್ಮೆ ಬರೆದಿಟ್ಟುಕೊಳ್ಳಿ. ಎಬ್ಬಿಸಿದ ಮೇಲೆ, ಪರದೆಯನ್ನು ನಂಬದೆ ಫೋನಿನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಮೂಲಕ ಒಳಹೊಕ್ಕು ನಾಲ್ಕಾರು ಸಲ ನೋಡಿ. ಎಲ್ಲ ಕಾಲಂಗಳನ್ನೂ ನೋಡಬೇಕು. ಸಸ್ಪೆಂಡ್ ಆಗುವಾಗ ಮೊದಲನೆಯದೊಂದನ್ನು ಬಿಟ್ಟು ಉಳಿದ ಸಿಪಿಯುಗಳನ್ನು ಕರ್ನಲ್ ಆಫ್‌ಲೈನ್ ಮಾಡುತ್ತದೆ, ಆಗ ಇಂಟರಪ್ಟ್‌ಗಳು ಮನೆ ಬದಲಾಯಿಸುತ್ತವೆ. ಹಳೇ ಕಾಲಂ ಒಂದನ್ನೇ ನೋಡಿ ‘ನಿಂತೇಹೋಗಿದೆ’ ಎಂದು ತೀರ್ಮಾನಿಸಿದವರನ್ನು ಕಂಡಿದ್ದೇನೆ.

ಅಂಕಿ ಏರುತ್ತಿದ್ದರೆ ಇಂಟರಪ್ಟ್ ಸಿಪಿಯುವರೆಗೆ ಬರುತ್ತಿದೆ, ಡ್ರೈವರ್ ಅದನ್ನು ಓದಿಕೊಳ್ಳುತ್ತಿಲ್ಲ ಎಂದರ್ಥ. ನಿಮ್ಮ ಲಕ್ಷಣ ನೋಡಿದರೆ ಅದು ಏರುತ್ತಿರಲಾರದು. ಆಗ ರೂಟ್ (ಅಡ್ಮಿನ್) ಆಗಿ ಎಲ್‌ಎಸ್‌ಪಿಸಿಐ ಕಮಾಂಡನ್ನು ಎರಡು ‘ವಿ’ ಸೇರಿಸಿ ಓಡಿಸಿ, ಕಾರ್ಡಿನ ವಿವರದಲ್ಲಿ ಎಮ್‌ಎಸ್‌ಐ ಎಂಬ ಸಾಲು ಹುಡುಕಿ. ‘ಎನೇಬಲ್’ ಪಕ್ಕದಲ್ಲಿ ಪ್ಲಸ್ ಇದೆಯೋ ಮೈನಸ್ ಇದೆಯೋ? ಎಮ್‌ಎಸ್‌ಐ ಇಂಟರಪ್ಟ್ ಅಂದರೆ ಬೇರೆ ತಂತಿಯೇನೂ ಅಲ್ಲ, ಒಂದು ನಿಗದಿತ ವಿಳಾಸಕ್ಕೆ ಕಾರ್ಡ್ ಮಾಡುವ ಬರಹ ಅಷ್ಟೇ. ಫೆನ್ಸ್ ಸಂಖ್ಯೆ ಮೆಮರಿ ತಲುಪುತ್ತಿದೆಯಲ್ಲ, ಅಂದಮೇಲೆ ದಾರಿ ತೆರೆದೇ ಇದೆ. ಮೈನಸ್ ಕಂಡರೆ, ನಿದ್ದೆಯಲ್ಲಿ ಅಳಿಸಿಹೋದ ಪಿಸಿಐ ಸೆಟ್ಟಿಂಗನ್ನು ಎದ್ದ ಮೇಲೆ ಯಾರೂ ಸರಿಯಾಗಿ ಮರಳಿ ಬರೆದಿಲ್ಲ. ಪ್ಲಸ್ ಇದ್ದೂ ಅಂಕಿ ಏರದಿದ್ದರೆ, ಕಾರ್ಡಿನ ಇಂಟರಪ್ಟ್‌ಗಳನ್ನು ಸಾಲಾಗಿ ಜೋಡಿಸುವ ಐಎಚ್ ರಿಂಗ್ ಮತ್ತೆ ಶುರುವಾಗಿಲ್ಲವೆಂಬ ಗುಮಾನಿ ಮೊದಲು. ಪಕ್ಕದಲ್ಲಿ ತೋರಿಸುವ ವಿಳಾಸ, ಡೇಟಾ ಬದಲಾಗಿದ್ದರೆ ಗಾಬರಿ ಬೇಡ, ಮನೆ ಬದಲಾದಾಗ ಅವೂ ಬದಲಾಗಬಹುದು.

ಮುಂದಿನ ಪ್ರಶ್ನೆ, ತಪ್ಪು ಡ್ರೈವರಿನದೋ ಬೋರ್ಡಿನ ಬಯಾಸಿನದೋ ಎಂಬುದು. ಸಿಸ್ ಡೈರೆಕ್ಟರಿಯೊಳಗೆ ಪವರ್, ಅದರೊಳಗೆ ಪಿಎಮ್ ಟೆಸ್ಟ್ ಎಂಬ ಫೈಲ್ ಇರುತ್ತದೆ (ಕೆಲವು ಕರ್ನಲ್‌ಗಳಲ್ಲಿ ಇರುವುದಿಲ್ಲ). ಅದಕ್ಕೆ ‘ಡಿವೈಸಸ್’ ಎಂದು ಬರೆದು ಸಸ್ಪೆಂಡ್ ಮಾಡಿ. ಡ್ರೈವರ್‌ಗಳೆಲ್ಲ ಮಲಗುವ ಶಾಸ್ತ್ರ ಮಾಡಿ, 5 ಸೆಕೆಂಡ್ ಬಿಟ್ಟು ಎದ್ದುಬಿಡುತ್ತವೆ, ಯಂತ್ರ ನಿಜವಾಗಿ ನಿದ್ದೆಗೆ ಇಳಿಯುವುದಿಲ್ಲ. ಇದರಲ್ಲೂ ತೊಂದರೆ ಬಂದರೆ ಡ್ರೈವರ್ ಕಡೆ ಬೆರಳು ತೋರಿಸಿ. ಇದರಲ್ಲಿ ಸರಿಯಿದ್ದು ನಿಜವಾದ ನಿದ್ದೆಯಲ್ಲಿ ಮಾತ್ರ ಕೆಟ್ಟರೆ ಬಯಾಸ್ ಅಪ್‌ಡೇಟ್ ಬಂದಿದೆಯೇ ನೋಡಿ. ಪರೀಕ್ಷೆ ಮುಗಿದ ಮೇಲೆ ಆ ಫೈಲಿಗೆ ‘ನನ್’ ಎಂದು ಬರೆಯುವುದನ್ನು ಮರೆಯಬೇಡಿ. ಮರೆತರೆ ಮುಂದಿನ ಸಲ ಕರೆಂಟ್ ಹೋದಾಗ ಕಂಪ್ಯೂಟರ್ ಮಲಗುವುದೇ ಇಲ್ಲ, ಯುಪಿಎಸ್ ಪೂರ್ತಿ ಕುಡಿದುಬಿಡುತ್ತದೆ.

‘ಇತ್ತೀಚೆಗೆ’ ಎಂದಿದ್ದೀರಿ. ಕರ್ನಲ್ ಅಪ್‌ಡೇಟ್ ಆದ ಮೇಲೆಯೇ? ಬೂಟ್ ಮೆನುವಿನಲ್ಲಿ ಹಳೇ ಕರ್ನಲ್ ಇನ್ನೂ ಇದ್ದರೆ ಅದರಲ್ಲೊಮ್ಮೆ ಮಲಗಿಸಿ ಎಬ್ಬಿಸಿ. ಹಳೆಯದರಲ್ಲಿ ಸರಿಯಿದ್ದರೆ ಅರ್ಧ ಪತ್ತೇದಾರಿ ಮುಗಿದಂತೆಯೇ.

ಅಂಗಡಿ ನಡೆಯಬೇಕಲ್ಲ, ಅದಕ್ಕೊಂದು ತಾತ್ಕಾಲಿಕ ಉಪಾಯ: ಬೂಟ್ ಸಾಲಿನಲ್ಲಿ ಎಎಮ್‌ಡಿಜಿಪಿಯು ಡಾಟ್ ಎಮ್‌ಎಸ್‌ಐ ಈಕ್ವಲ್ಸ್ ಸೊನ್ನೆ ಎಂದು ಸೇರಿಸಿ. ಕಾರ್ಡ್ ಹಳೇ ಕಾಲದ ಇಂಟರಪ್ಟ್ ಲೈನಿಗೆ ಮರಳುತ್ತದೆ. ಆ ಲೈನನ್ನು ಬೇರೆ ಸಾಧನಗಳೂ ಹಂಚಿಕೊಂಡಿರಬಹುದು. ಒಂದು ಲಕ್ಷ ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚಿನವನ್ನು ಯಾರೂ ತಮ್ಮದೆಂದು ಒಪ್ಪಿಕೊಳ್ಳದಿದ್ದರೆ ಕರ್ನಲ್ ‘ನೋಬಡಿ ಕೇರ್ಡ್’ ಎಂದು ಬರೆದು ಲೈನನ್ನೇ ಮುಚ್ಚುತ್ತದೆ. ಹಾಗಾದರೆ ಉಪಾಯ ಕೈಬಿಡಿ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಐದಾರು ಪ್ಯಾರಾಮೀಟರ್‌ಗಳನ್ನು ಒಟ್ಟಿಗೆ ತುರುಕುವ ಅಭ್ಯಾಸ ನನಗೆ ಸ್ವಲ್ಪವೂ ಹಿಡಿಸದು. ಸರಿಹೋದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಮಲಗುವ ಮುಂಚಿನ, ಎದ್ದ ನಂತರದ ಅಂಕಿಗಳು, ಎಮ್‌ಎಸ್‌ಐ ಸಾಲು, ಪೂರ್ತಿ ಲಾಗ್, ಇಷ್ಟನ್ನು ಫ್ರೀಡೆಸ್ಕ್‌ಟಾಪ್‌ನ ಗಿಟ್‌ಲ್ಯಾಬ್‌ನಲ್ಲಿ ಡಿಆರ್‌ಎಮ್-ಎಎಮ್‌ಡಿ ವಿಭಾಗಕ್ಕೆ ಹಾಕಿ. ಡ್ರೈವರ್ ಬರೆಯುವವರೇ ಅಲ್ಲಿ ಓದುತ್ತಾರೆ.

ಪ್ರಶ್ನೆ: ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿನಲ್ಲಿಟ್ಟು ಬಸ್ ಹತ್ತಿದರೆ ಹಾಸನ ತಲುಪುವಷ್ಟರಲ್ಲಿ ಬಿಸಿಯಾಗಿ, ಬ್ಯಾಟರಿ ಖಾಲಿಯಾಗಿರುತ್ತದೆ. ಸಸ್ಪೆಂಡ್ ಅಂದರೆ ಇದೇನಾ?

ಉತ್ತರ: ಅದು ಅರೆನಿದ್ದೆ. ಸಿಸ್, ಪವರ್, ಮೆಮ್ ಸ್ಲೀಪ್ ಎಂಬ ಫೈಲ್ ತೆರೆದು ನೋಡಿ. ‘ಎಸ್2ಐಡಲ್’ (ಅದೇ ಅರೆನಿದ್ದೆ) ಸುತ್ತ ಚೌಕ ಆವರಣವಿದ್ದು ಪಕ್ಕದಲ್ಲಿ ‘ಡೀಪ್’ (ಗಾಢ ನಿದ್ದೆ) ಕೂಡ ಇದ್ದರೆ, ಆ ಫೈಲಿಗೆ ಡೀಪ್ ಎಂದು ಬರೆದು ಪ್ರಯತ್ನಿಸಿ. ಸರಿಯಾಗಿ ಏಳುತ್ತಿದ್ದರೆ ಬೂಟ್ ಸಾಲಿನಲ್ಲಿ ಖಾಯಂ ಮಾಡಿಕೊಳ್ಳಬಹುದು. ‘ಡೀಪ್’ ಇಲ್ಲವೇ ಇಲ್ಲ ಎಂದಾದರೆ ಬಸ್ ಹತ್ತುವ ಮುಂಚೆ ಶಟ್‌ಡೌನ್ ಮಾಡಿ.